ಎರಡನೆಯ ಕಾಲಂ

ಮೊದಲ ಕಾಲಂ ದಿಟವಾಗಿಯೇ ತುಂಬಿದ್ದೆ.
ತೋಳಿಗೆ ಪಟ್ಟಿ, ಅಂಗೈಯಲ್ಲಿ ರಬ್ಬರಿನ ಬುರುಡೆ,
ಇಳಿಯುವ ಪಾದರಸದ ಯಾವ ಗೆರೆಗೆ ಮೊದಲ ಟಕ್,
ಯಾವ ಗೆರೆಗೆ ಸದ್ದಡಗಿತು, ಅಷ್ಟೆ.

ಐದು ನಿಮಿಷ ಬಿಟ್ಟು ಮತ್ತೊಮ್ಮೆ, ಎಂದಿತ್ತು ನಿಯಮ.
ಐದು ನಿಮಿಷವೆಂದರೆ ಶಿಡ್ಲಘಟ್ಟದಲ್ಲಿ
ಬಾಣಲೆಯ ನೀರು ಕುದಿ ತಪ್ಪುವಷ್ಟು ಹೊತ್ತು.
ಗೂಡು ಬೇಯಲು ಬಿಟ್ಟು ಯಾರು ಕೂರುತ್ತಾರೆ ನನ್ನೆದುರು ಕೈಚಾಚಿ?
ಪಕ್ಕದ ಮನೆಗಳಿಗೆ ನಾನೇ ಬರೆದೆ,
ನೂರ ಮೂವತ್ತಕ್ಕೆ ನೂರ ಮೂವತ್ತು, ಎಂಬತ್ತಕ್ಕೆ ಎಂಬತ್ತು,
ಅಲ್ಲಲ್ಲಿ ಅನುಮಾನ ಬಾರದಿರಲೆಂದು ಎರಡು ಹೆಚ್ಚು, ಎರಡು ಕಮ್ಮಿ,
ಸಾರಿಗೆ ಕೈಯಂದಾಜಿನ ಉಪ್ಪು.

ಕೋಲಾರದ ಕಾಲೇಜಿನಲ್ಲಿ ಲೆಕ್ಕದ ವಸುಮತಿ ಮೇಡಂ
ಹಾಳೆ ತಿರುವಿದರು. ಬೈಯಲಿಲ್ಲ.
"ಗಿರಿಜಾಂಬ, ಉಳಿದ ಐವರಿಗೂ ಎರಡನೇ ಸಲಕ್ಕೆ
ಏಳೆಂಟು ಅಂಕಿ ಆಚೀಚೆ ಆಗಿದೆ.
ನಿಮ್ಮ ಬೀದಿಯವರ ರಕ್ತ ಮಾತ್ರ ಕದಲುವುದೇ ಇಲ್ಲವಲ್ಲ?"
ಆಮೇಲೆ ಪೆನ್ನಿನ ತುದಿಯಿಂದ ಒಂದೊಂದೇ ಸೊನ್ನೆ ಮುಟ್ಟುತ್ತ ಹೋದರು.
ಸೊನ್ನೆಗಳು ಬಹಳ ಇದ್ದವು.
"ಅರವತ್ತನಾಲ್ಕು ಮನೆ," ಎಂದರು. "ಮತ್ತೆ."

ಖುರ್ಷಿದಾ ಬಿ ಚರಕದ ಮುಂದಿನಿಂದ ಎದ್ದು ಬಂದಳು,
ಬೆರಳು ಬೆಂದು ಸುಕ್ಕಾಗಿ, ಮೊಣಕೈವರೆಗೆ ಹುಳುವಿನ ವಾಸನೆ.
ಒಂದು ನೂರ ಅರವತ್ನಾಲ್ಕು.
ಎರಡು ನೂರ ನಲವತ್ತಾರು.
ನನಗೇ ನಂಬಿಕೆ ಬಾರದೆ ಮೂರನೆಯದು, ನೂರ ಐವತ್ತೆರಡು.
"ಇದ್ರಲ್ಲಿ ನಂದು ಯಾವ್ದಮ್ಮ?"

ಮೊದಲ ಸಲ ನೀನು ಓಡಿಬಂದಿದ್ದೆ, ಎಂದೆ.
ಎರಡನೇ ಸಲ ಗೋಡೆಗೊರಗಿದ್ದೆ. ಮೂರನೇ ಸಲ...
ಏನಾಯಿತೋ, ಹೊರಗೆ ಟೆಂಪೋ ಹಾರನ್ ಹೊಡೆಯಿತು,
ನನ್ನ ಕಿವಿಯೇ ಒಂದು ಟಕ್ ತಪ್ಪಿಸಿತೋ.
ಅವಳು ನಕ್ಕಳು. ಬಾಣಲೆ ತೋರಿಸಿದಳು.
"ನೋಡು, ಎಂಟು ಗೂಡು ತೇಲ್ತಾ ಅವೆ.
ಒಂದೊಂದ್ರ ಎಳೇನೂ ಮೊದ್ಲು ದಪ್ಪ, ಕೊನೆಗೆ ಸಣ್ಣ.
ಒಂದನ್ನೇ ನಂಬ್ಕೊಂಡ್ರೆ ನೂಲಾಗಲ್ಲ.
ಒಂದು ಮುಗೀತಾ, ಇನ್ನೊಂದ್ರ ಎಳೆ ಹಚ್ಬೇಕು.
ಕಣ್ಣು ಆಚೆ ಹೋಯ್ತಾ,
ತಗೊಳ್ಳೋನ ಬೆರಳಿಗೆ ಗೊತ್ತಾಗ್ಬಿಡುತ್ತೆ."

ಮೇಡಮ್ಮಿನ ಬೆರಳು ನೆನಪಾಯಿತು ನನಗೆ.

ನಲವತ್ತೊಂದನೇ ಮನೆ ಪಿಳ್ಳಪ್ಪನದು.
ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ.
ಆವತ್ತು ಹರಾಜಿಗೆ ಹೊತ್ತಾಯಿತೆಂದು
ಪಟ್ಟಿ ಬಿಚ್ಚುವ ಮೊದಲೇ ಅರ್ಧ ಎದ್ದಿದ್ದ.
ನನ್ನ ಹಾಳೆಯಲ್ಲಿ ನೂರ ಮೂವತ್ತೆಂಟು, ಎರಡು ಸಲ,
ದುಂಡು ಅಕ್ಷರ, ಚಿತ್ತಿಲ್ಲ.
ಈಗ ಬಲಗೈ ಎತ್ತಲಾರ. ಬಾಯಿ ಒಂದು ಬದಿಗೆ ಎಳೆದಿದೆ.
ಅವನ ಹೆಂಡತಿ ಕೇಳಲಿಲ್ಲ ನನ್ನನ್ನು ಏನೂ,
ಕೂರಲು ಮಣೆ ಕೊಟ್ಟಳು.

ಆವತ್ತು ಕೂತಿದ್ದರೆ,
ಎರಡನೆಯ ಸಲ ಪಾದರಸ ನೂರ ಎಂಬತ್ತು ತೋರಿಸುತ್ತಿತ್ತೇ,
ಅದೇ ನೂರ ಮೂವತ್ತೆಂಟೇ?
ಗೊತ್ತಿಲ್ಲ. ಅಳೆಯಲಿಲ್ಲ.
ಗೊತ್ತಿಲ್ಲವೆಂಬುದಕ್ಕೂ ನಮ್ಮಲ್ಲಿ ಒಂದು ಅಂಕಿ ಇದೆ:
ಮನೆ ಖಾಲಿ ಬಿಡಬಾರದು, ಒಂಬೈನೂರ ತೊಂಬತ್ತೊಂಬತ್ತು ಬರೆಯಬೇಕು,
ಅಷ್ಟು ಒತ್ತಡದಲ್ಲಿ ಯಾವ ಜೀವವೂ ಇರಲಾರದೆಂದು
ಯಂತ್ರಕ್ಕೂ ತಿಳಿಯುವ ಹಾಗೆ.
ಹಳೆಯದರ ಮೇಲೆ ಒಂದೇ ಗೆರೆ ಎಳೆದು,
ಕೆಳಗಿನದು ಓದಲು ಬರುವಂತೆ ಬಿಟ್ಟು,
ಮೂರು ಒಂಬತ್ತು ಬರೆದೆ. ರುಜು ಹಾಕಿದೆ. ತಾರೀಖು ಹಾಕಿದೆ.

ನಲವತ್ತೆರಡನೇ ಮನೆ. ಹೊಸ ಸೊಸೆ, ಹೆಸರು ತುಳಸಮ್ಮಣ್ಣಿ.
ಗಡಿಯಾರ ಬಿಚ್ಚಿ ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟೆ.
ಮಾತಾಡಬಾರದು, ಕಾಲು ಆಡಿಸಬಾರದು.
ಒಂದು ನಿಮಿಷ. ಒಂದೂವರೆ.
ಪಕ್ಕದ ಮನೆಯ ಚರಕ ಕಿರ್ರೆನ್ನುತ್ತಿದೆ.
ಅವಳಿಗೆ ನಗು ತಡೆಯಲಾಗುತ್ತಿಲ್ಲ.
ನಕ್ಕರೆ ಮತ್ತೆ ಮೊದಲಿನಿಂದ ಎಣಿಸಬೇಕು.
ನಕ್ಕಳು.
ಎಣಿಸುತ್ತಿದ್ದೇನೆ.