ಎಚ್ ಗುರುತು

ಗ್ಲೇಸ್ ಬೇ. ಜನವರಿ. ಅಂಗಡಿ ಗಾಜಿನ ಒಳಮೈಗೂ ಹಿಮ.
ಮರ್ಡೀನಾ ಕಂಬಳಿಯಿಂದ ಬಿಚ್ಚಿದ್ದು
ಅಜ್ಜನ ಸ್ಯಾಕ್ಸಫೋನು; ಕಲ್ಲಿದ್ದಲ ಗಣಿಯ ಬ್ಯಾಂಡಿನದು.
"ಶಾಲೆಯ ಪಿಯಾನೋ ಜತೆ ಕೂಡುವುದೇ ಇಲ್ಲ. ಸರಿಮಾಡಿ."

ಮೊದಲು ಬೆಚ್ಚಗಾಗಲಿ ಎಂದೆ.
ತಣ್ಣನೆ ಹಿತ್ತಾಳೆ ಸುಳ್ಳು ಹೇಳುತ್ತದೆ, ಇಳಿದ ದನಿಯಲ್ಲಿ.
ಬೆಚ್ಚಗಾಯಿತು. ಸತ್ಯ ಇನ್ನೂ ಕಷ್ಟದ್ದು:
ಮುಳ್ಳು ನಾನೂರ ನಲವತ್ತನ್ನು ದಾಟಿ
ಬಲತುದಿಗೆ ಹೋಗಿ ನಡುಗಿತು.

ಮೌತ್‌ಪೀಸು ಎಳೆದೆವು. ಇನ್ನೂ ಎಳೆದೆವು.
ಬೆಂಡು ಮುಗಿಯುವಷ್ಟರಲ್ಲಿ ಒಂದು ಸ್ವರ ಕೂಡಿತು,
ಉಳಿದವು ಪಾಲು ಕೇಳುವ ಅಣ್ಣತಮ್ಮಂದಿರ ಹಾಗೆ
ಒಂದೊಂದು ದಿಕ್ಕಿಗೆ.

ತಿರುಗಿಸಿ ತೋರಿಸಿದೆ, ನಂಬರಿನ ಕೆಳಗೆ ಒಂದೇ ಅಕ್ಷರ: ಎಚ್.
ಕೆಟ್ಟಿಲ್ಲ ಮಗಳೇ,
ಆಗ ಊರಿನ ಶ್ರುತಿಯೇ ಎತ್ತರದಲ್ಲಿತ್ತು.
ಆಮೇಲೆ ಲೋಕ ಅರೆ ಮೆಟ್ಟಿಲು ಇಳಿದು ಕೂತಿತು,
ಇದಕ್ಕೆ ಯಾರೂ ಹೇಳಲಿಲ್ಲ.
ಗೋಡೆಗೆ ನೇತುಹಾಕು ಎಂದೆನೇ? ಹೌದು, ಅಂದೆ.

ಅವಳು ಬೆಂಡಿನ ಮೇಲಿನ ಹಳೆಯ ತಗ್ಗಿನ ತನಕ
ಮೌತ್‌ಪೀಸನ್ನು ತಳ್ಳಿ
ಊದಿದಳು.
ಯಂತ್ರದ ಕೆಂಪು ದೀಪ ಆರಲೇ ಇಲ್ಲ.
ಕಪಾಟಿನ ಮೇಲೆ ತಿರುಪುಗಳ ತಗಡಿನ ಡಬ್ಬಿ
ಇಷ್ಟು ವರ್ಷ ಸುಮ್ಮನಿದ್ದದ್ದು
ಝುಂ ಎಂದಿತು.

ಬಿಲ್ಲು ಬರೆಯಲು ತೆಗೆದ ಪೆನ್ಸಿಲು
ಇನ್ನೂ ಕಿವಿಯ ಮೇಲೆಯೇ ಇದೆ.