ಒತ್ತಕ್ಷರ

ಮಂಡಕ್ಕಿ ಭಟ್ಟಿಯ ಮನೆಯಲ್ಲಿ ಹುಟ್ಟಿದವಳು ನಾನು.
ಇಲಿ ಅಂದರೆ ನಮಗೆ
ಗೋಣಿಯ ಮೂಲೆಯಲ್ಲಿ ಕಡಿದ ತೂತು,
ಅಜ್ಜಿಯ ಕೈಯ ಊದುಗೊಳವೆ,
ಬೋನು ಬಡಿದ ಸದ್ದಿಗೆ ನಡುರಾತ್ರಿ ಎದ್ದು
‘ಸಿಕ್ತಾ?’ ಅನ್ನುವ ಅಪ್ಪ.

ಈಗ ಇಲಿಗಳಿಗೆ ಹಾಸಿಗೆ ಹಾಸುತ್ತೇನೆ, ಸಂಬಳಕ್ಕೆ.
‘ಇಲಿ ಸಾಕಾಕೆ ದುಡ್ಡು ಕೊಡ್ತಾರೇನೆ ಹುಸೇನಬಿ?’
ಅಜ್ಜಿ ಸಾಯುವವರೆಗೂ ನಂಬಲಿಲ್ಲ.
ಕಾಲೇಜಿನ ಹಿಂದೆ, ಶವಾಗಾರ ದಾಟಿ,
ಎರಡು ಬಾಗಿಲ ಕೋಣೆ.
ಒಂದು ಮುಚ್ಚದೆ ಇನ್ನೊಂದು ತೆರೆಯದು.
ಜಗಳೂರು ಕಡೆಯ ಮೆಕ್ಕೆಜೋಳದ ದಿಂಡು
ಪುಡಿಯಾಗಿ, ಹಬೆಯಲ್ಲಿ ಬೆಂದು ಬರುತ್ತದೆ,
ಪಂಜರಕ್ಕೆ ಎರಡು ಹಿಡಿ.

ಕಪ್ಪು ಇಲಿಗಳು, ಒಂದರಂತೆ ಒಂದು.
ಎಡಗಿವಿಯ ತೂತು ಒಂದು, ಬಲಗಿವಿಯದು ಹತ್ತು,
ಹೀಗೆ ಲೆಕ್ಕ.
ಬಾಲದ ತುದಿ ಒಂದು ಚೂರು ಸೀಸೆಗೆ ಹೋಗಿ
ಮೂರನೇ ದಿನ ಚೀಟಿಯಾಗಿ ಬರುತ್ತದೆ:
ಇದಕ್ಕೆ ಇದೆ, ಇದಕ್ಕೆ ಅರ್ಧ ಇದೆ, ಇದಕ್ಕೆ ಇಲ್ಲ.
ನಾಲ್ಕು ಮರಿಗೆ ಒಂದು ‘ಇಲ್ಲ’,
ಅದೂ ಅದೃಷ್ಟವಿದ್ದರೆ.

ಏನು ಇಲ್ಲ? ಕೇಳಿದೆ ಒಂದು ದಿನ.
ನೀಲಾಂಬಿಕೆ ಮೇಡಂ ಕೈಗವಸು ಬಿಚ್ಚುತ್ತ ಹೇಳಿದರು:
ಒಂದೇ ಒಂದನ್ನು ತೆಗೆದಿದ್ದೇವೆ, ಸಾವಿರಾರರಲ್ಲಿ.
ಉಣ್ಣುತ್ತದೆ, ಗೂಡು ಕಟ್ಟುತ್ತದೆ, ಮರಿಯ ಮೈ ನೆಕ್ಕುತ್ತದೆ.
ಜಾಗ ಮಾತ್ರ ಅದರ ತಲೆಯಲ್ಲಿ ನಿಲ್ಲದು.

ಅದೇ ವಾರ ಜರೀನಾಳ ಕಾಪಿಪುಸ್ತಕದಲ್ಲಿ
ಟೀಚರ ಕೆಂಪು ಸುತ್ತು:
‘ಅಮ್ಮ ಇಲಿ ಇದ್ದಾಳೆ.’
ಒಂದು ಒತ್ತು ತಾನೇ ಅವ್ವ, ಅಂದಳು, ಅದಕ್ಕೂ ಅರ್ಧ ಮಾರ್ಕಾ?
ನಾನು ಪುಸ್ತಕ ಹಿಡಿದು ಬಹಳ ಹೊತ್ತು ಕೂತೆ.
ಒತ್ತು ಹೋದರೆ ಇಲಿ.
ಗುಡಿಸು ಹೋದರೆ ಇಲ್ಲ.
ಮರುದಿನ ಮೇಡಂಗೆ ಹೇಳಿದೆ, ನಕ್ಕರು,
ಆಮೇಲೆ ಸುಮ್ಮನೆ ತಮ್ಮ ಪುಟ್ಟ ನೋಟ್‌ಬುಕ್ಕಿನಲ್ಲಿ
ಬರೆದುಕೊಂಡರು.

ಹಾಲುಪುಡಿ ಕದಡಿದ ತೊಟ್ಟಿ.
ನೀರಿನ ಕೆಳಗೆ ಒಂದು ಬೆರಳು ಆಳದಲ್ಲಿ ಕಾಣದ ಕಟ್ಟೆ.
ಗೋಡೆಗೆ ಒಂದು ತ್ರಿಕೋನ, ಒಂದು ಅರ್ಧಚಂದ್ರ,
ದಾರಿ ಗೊತ್ತಾಗಲೆಂದು.
‘ಇದೆ’ ಅನ್ನುವ ಇಲಿ ನಾಲ್ಕನೇ ದಿನ
ನೆಟ್ಟಗೆ ಈಜಿ, ಕಟ್ಟೆ ಹತ್ತಿ,
ನಮ್ಮ ಕಡೆ ಬೆನ್ನು ಹಾಕಿ ಮೀಸೆ ತೊಳೆಯುತ್ತದೆ.
‘ಇಲ್ಲ’ ಅನ್ನುವುದು ಸುತ್ತುತ್ತದೆ,
ಅಂಚು ಹಿಡಿದು ಸುತ್ತುತ್ತದೆ.
ಐದನೇ ದಿನ, ಎಂಟನೇ ದಿನ,
ಪ್ರತಿ ಸಲವೂ ಮೊದಲ ಸಲದ ನೀರು.

ತೊಂಬತ್ತು ಸೆಕೆಂಡು ದಾಟಿದರೆ
ನಾನೇ ಬೊಗಸೆಯಲ್ಲಿ ಎತ್ತಿ ಕಟ್ಟೆಯ ಮೇಲೆ ಇಡಬೇಕು.
ಇಟ್ಟು, ‘ಇಲ್ಲಿ’ ಅಂತೀನಿ.
ಯಾರೂ ಹೇಳಿಕೊಟ್ಟದ್ದಲ್ಲ.
ಹದಿನೈದು ಸೆಕೆಂಡು, ಅದರ ಎದೆ ನನ್ನ ಹೆಬ್ಬೆರಳಿಗೆ
ಕಾದ ಮರಳಿಗೆ ಬಿದ್ದ ಅಕ್ಕಿಯಂತೆ.
‘ಇಲ್ಲಿ, ನೋಡು, ಇಲ್ಲಿ.’
ಆಮೇಲೆ ಟವೆಲ್ಲು.

ಹಣ ಬರುವುದು ನಿಂತಿತು, ಮಾರ್ಚಿಗೆ.
ತಳಿಯ ಬೀಜ ಹೊಗೆಯಾಡುವ ಚಳಿಯ ಡಬ್ಬಿಯಲ್ಲಿ
ಎಲ್ಲಿಗೋ ಹೋಯಿತು, ಬೇಕಾದವರು ಎಬ್ಬಿಸಿಕೊಳ್ಳಲಿ ಎಂದು.
ಉಳಿದವು ಸಿಲಿಂಡರಿನ ಕೋಣೆಗೆ.
ಇದೆ, ಅರ್ಧ ಇದೆ, ಇಲ್ಲ,
ಅಲ್ಲಿ ಚೀಟಿ ಯಾರೂ ಓದಲಿಲ್ಲ.
ಮೇಡಂ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಲು ಮರೆತು,
ಕಾರಿಡಾರಿನ ತುದಿಯ ತನಕ ಹೋದರು.

ಹಿಂದಿನ ಸಂಜೆ ನಾನೊಂದು ತಪ್ಪು ಮಾಡಿದ್ದೆ.
ನೀರು ಬಿಟ್ಟ ತೊಟ್ಟಿಯಲ್ಲಿ, ಒಣಗಿದ ಹಾಲಿನ ಕರೆಯ ಮೇಲೆ
ಒಂದನ್ನು ಬಿಟ್ಟೆ.
ಕಟ್ಟೆ ಎದುರಿಗೇ ಇತ್ತು, ಬರೀ ಒಂದು ಇಟ್ಟಿಗೆ.
ಬಂತು, ಮೂಸಿತು,
ಮುಂಗಾಲು ಒಂದನ್ನು ಇಟ್ಟಿತು.
ಗುರುತು ಹಿಡಿದೀತೇ ಎಂದು ಉಸಿರು ಕಟ್ಟಿ ನಿಂತೆ.
ಇಳಿದು, ಪಕ್ಕದಿಂದ ಹೊರಟುಹೋಯಿತು,
ಯಾರದೋ ಮನೆಯ ಕಟ್ಟೆ ದಾಟಿದ ಹಾಗೆ.

ಮನೆಗೆ ಬಂದರೆ ಭಟ್ಟಿಯಲ್ಲಿ ಮಂಡಕ್ಕಿ ಅರಳುವ ಸದ್ದು.
ಚೀಲಗಳ ಹಿಂದೆ ಏನೋ ಸರಸರ.
ತಮ್ಮ ಬೋನು ತರಲು ಎದ್ದ.
ಜಾಗ ಬಲ್ಲದ್ದು ಅದು,
ಅವನು ಬಾಗಿಲು ತೆರೆಯುವುದರೊಳಗೆ ಇರಲಿಲ್ಲ.