ಮೊಣಕಾಲಿನ ಪಟ್ಟಿ

ಬ್ರೆಮರ್‌ಹಾಫನ್ನಿನ ಆಸ್ಪತ್ರೆ, ನೆಲಮಾಳಿಗೆ.
ಕಡತ ಕಾಯುವ ಫ್ರೌ ಚಾರ್ಕ್ಸ್
ಸೀನುತ್ತಾಳೆ, ಧೂಳು ಒರೆಸಿ ಕೊಡುತ್ತಾಳೆ:
"ನಿಮ್ಮ ಅದೃಷ್ಟ. ಬರುವ ತಿಂಗಳು ಸುಡುವುದಿತ್ತು."

ಮೊದಲ ಹಾಳೆಯಲ್ಲಿ ಅಳತೆ, ಮಿಲಿಮೀಟರುಗಳಲ್ಲಿ.
ಎರಡನೆಯದರಲ್ಲಿ ಅಪ್ಪನ ರುಜು,
ಪಕ್ಕದಲ್ಲಿ ಹಡಗುಕಟ್ಟೆಯ ಗ್ರೀಸು ಹತ್ತಿದ
ಹೆಬ್ಬೆರಳಿನ ಗುರುತು.
ಕೆಳಗೆ ವೈದ್ಯರ ಒಂದೇ ಸಾಲು:
ಮಗುವಿಗೆ ಹೇಳತಕ್ಕದ್ದಲ್ಲ.

ಅಲ್ಲಿಯವರೆಗೆ ಮಗು ಅತ್ತಿತು, ಮಗು ನಕ್ಕಿತು,
ಹಾಲು ಕುಡಿದು ಮಲಗಿತು.
ಹದಿನಾಲ್ಕನೇ ತಿಂಗಳ ಒಂದು ಮಂಗಳವಾರದಿಂದಾಚೆ
ಅತ್ತಳು.
ಒಂದು ಪ್ರತ್ಯಯಕ್ಕೆ ಎಷ್ಟು ಹೊಲಿಗೆ!
ಕಾಯಿಲೆ ಯಾವುದೆಂದು ಹುಡುಕಿದೆ; ಬರೆದಿರಲಿಲ್ಲ.
ಗುಣವಾಗಿದೆ ಎಂದು ಮಾತ್ರ ಇತ್ತು.

ಕೊನೆಗೊಂದು ಫೋಟೋ. ಏಳು ವರ್ಷ.
ಗೋಡೆಗೆ ಬೆನ್ನು ಕೊಟ್ಟು ನಿಂತದ್ದು.
ಗುರುತು ಸಿಗಬಾರದೆಂದು ಕಣ್ಣಿಗೆ ಕಪ್ಪು ಪಟ್ಟಿ.
ಮುಚ್ಚಲು ಅವರಿಗೆ ತೋಚಿದ್ದು ಕಣ್ಣೊಂದೇ.

ಆದರೂ ಗುರುತು ಸಿಕ್ಕಿತು:
ಬಲ ಮೊಣಕಾಲಿಗೆ ಅಂಟಿಸಿದ ಇನ್ನೊಂದು ಪಟ್ಟಿ,
ಸೈಕಲ್ಲಿಂದ ಬಿದ್ದದ್ದು.
ರಾತ್ರಿ ಅಮ್ಮ ಅದರ ತುದಿ ಹಿಡಿದು,
ಊದಿ ಊದಿ ಕೇಳಿದ್ದಳು:
"ನೋಯುತ್ತಾ? ನೀನು ಹೂಂ ಅಂದಮೇಲೇ ತೆಗೆಯೋದು."

ಈ ಮೈಯ ಗಾಯಗಳಲ್ಲಿ
ನನ್ನನ್ನು ಕೇಳಿ ಮುಟ್ಟಿದ್ದು
ಅದೊಂದನ್ನೇ.

ಫ್ರೌ ಚಾರ್ಕ್ಸ್ ರಸೀದಿ ಬರೆಯುತ್ತಾಳೆ.
ಶ್ರೀ? ಶ್ರೀಮತಿ? ಪೆನ್ನು ನಿಂತಿದೆ.
ಬಂದೆ, ಓದಿದೆ, ಒಯ್ಯುತ್ತಿದ್ದೇನೆ,
ಅಷ್ಟೇ ಬರೆಯಿರಿ, ಎನ್ನುತ್ತೇನೆ.
ಅವಳಿಗೆ ಮತ್ತೆ ಸೀನು.